ಪೂರ್ತಿ ಗುಣ ಆದ ಮೇಲೆ ಕೆಲಸಕ್ಕೆ ಹೋದರಾಗದೇ?

ಈ ಪ್ರಶ್ನೆಯನ್ನು ನನಗೆ ಹೆಚ್ಚಾಗಿ ಕೇಳುವವರು ತಾಯಂದಿರು. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಕೆಲಸ ಹುಡುಕಿಕೊಡುವುದು, ಸಿಕ್ಕ ಕೆಲಸ ಉಳಿಯುವಂತೆ ಬೆನ್ನಿಗೆ ನಿಲ್ಲುವುದು ನನ್ನ ಉದ್ಯೋಗ. ಮೊದಲ ಭೇಟಿಯಲ್ಲೇ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳುತ್ತಾರೆ: "ಇನ್ನೂ ಮಾತ್ರೆ ನಡೀತಿದೆ ಸಾರ್. ಪೂರ್ತಿ ಗುಣ ಆಗ್ಲಿ. ಕೆಲಸ ಎಲ್ಲಿಗೆ ಓಡಿಹೋಗುತ್ತೆ?"

ಓಡಿಹೋಗುತ್ತೆ ಅಮ್ಮ, ಅನ್ನುತ್ತೇನೆ. ಎರಡು ವರ್ಷ ಮನೆಯಲ್ಲಿ ಕೂತವರಿಗೆ ಮೂರನೇ ವರ್ಷ ಹೊಸಿಲು ದಾಟುವುದೇ ದೊಡ್ಡ ಕೆಲಸವಾಗಿರುತ್ತದೆ.

ನಮ್ಮಲ್ಲೊಂದು ಗಾದೆಯಿದೆ: ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಆ 'ಹುಚ್ಚು' ಎಂಬ ಪದ ನನಗೆ ಇಷ್ಟವಿಲ್ಲ, ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯಿಂದ ಹಾಳಾದ ಬದುಕುಗಳನ್ನೂ ಕಂಡಿದ್ದೇನೆ. ಆದರೆ ಮದುವೆಯ ಜಾಗದಲ್ಲಿ ಕೆಲಸ ಅಂತ ಹಾಕಿ ಓದಿ. ನನ್ನ ಮುಂದೆ ಕೂರುವ ಬಹುತೇಕರು ಸಿಕ್ಕಿಬಿದ್ದಿರುವುದು ಆ ಗಂಟಿನಲ್ಲೇ.

ಹಿಂದಿನ ಪದ್ಧತಿ ಈ ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತಿತ್ತು. ಮೊದಲು ತರಬೇತಿ, ಅದರಲ್ಲಿ ಪಾಸಾದವರಿಗೆ ಆಮೇಲೆ ಕೆಲಸ. ನಾನೂ ಅಂಥದ್ದೊಂದು ಕೇಂದ್ರದಲ್ಲಿ ನಾಲ್ಕು ವರ್ಷ ಇದ್ದೆ. ಕವರ್ ಅಂಟಿಸುವುದು, ಮೇಣದಬತ್ತಿ ಎರೆಯುವುದು. ಹೊಸ ಹಾಜರಿ ಪುಸ್ತಕ ತೆರೆದಾಗಲೆಲ್ಲ ಹಳೆಯದರಿಂದ ಅದೇ ಹೆಸರುಗಳನ್ನು ನಕಲು ಮಾಡುತ್ತಿದ್ದೆ. 'ತಯಾರಾದರು' ಎಂದು ಷರಾ ಬರೆದು ಹೊರಗೆ ಕಳಿಸಿದ್ದು ಬೆರಳೆಣಿಕೆಯಷ್ಟು ಜನರನ್ನು. ಅವರು ಮೇಣದಬತ್ತಿ ಮಾಡುವುದಕ್ಕೆ ಚೆನ್ನಾಗಿ ತಯಾರಾಗಿದ್ದರು, ನಿಜ.

ಇದನ್ನು ತಲೆಕೆಳಗು ಮಾಡಿದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ, 1990ರ ದಶಕದ ಆರಂಭದ ಹೊತ್ತಿಗೆ. ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ರೂಪಿಸಿದ ಆ ವಿಧಾನದ ಹೆಸರು ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್, ಚಿಕ್ಕದಾಗಿ ಐಪಿಎಸ್. ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ. ಮೊದಲು ಕೆಲಸ, ಕಲಿಕೆ ಆ ಕೆಲಸದಲ್ಲೇ. ಅದೂ ಎಲ್ಲರಂತೆ ಸಂಬಳ ಬರುವ, ಯಾರು ಬೇಕಾದರೂ ಅರ್ಜಿ ಹಾಕಬಹುದಾದ ಕೆಲಸ. ಸೇರಲು ಬೇಕಾದ ಅರ್ಹತೆ ಒಂದೇ: 'ನನಗೆ ಕೆಲಸ ಬೇಕು' ಅನ್ನಬೇಕು. ಕಾಯಿಲೆಯ ಹೆಸರು ಯಾವುದು, ಎಷ್ಟು ಸಲ ಆಸ್ಪತ್ರೆ ಸೇರಿದ್ದರು ಎಂದು ನೋಡಿ ಯಾರನ್ನೂ ಹಿಂದಕ್ಕೆ ಕಳಿಸುವಂತಿಲ್ಲ. ಸುಮಾರು 30 ದಿನದೊಳಗೆ ಯಾರಾದರೊಬ್ಬ ಮಾಲೀಕರನ್ನು ಮುಖತಃ ಭೇಟಿ ಮಾಡಿರಬೇಕು. ನನ್ನಂಥವರ ಕೈಯಲ್ಲಿ ಒಂದು ಸಲಕ್ಕೆ 20ಕ್ಕಿಂತ ಹೆಚ್ಚು ಜನ ಇರಬಾರದು. ಚಿಕಿತ್ಸೆ ಕೊಡುವ ಡಾಕ್ಟರ ಜೊತೆ ಒಂದೇ ತಂಡವಾಗಿ ಕೆಲಸ ಮಾಡಬೇಕು. ಈ ಕೊನೆಯದು ಎಷ್ಟು ಮುಖ್ಯ ಎಂದು ನನಗೆ ತಿಳಿದದ್ದು ಒಬ್ಬರಿಂದ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮೂವತ್ತು ದಾಟಿದ ವ್ಯಕ್ತಿ. ಎಂಥ ಕೆಲಸ ಬೇಕು ಅಂದರೆ, "ಜನ ಕಮ್ಮಿ ಇರಬೇಕು. ಬೆಳಗ್ಗೆ ಬೇಡ" ಅಂದರು. ಅಷ್ಟೇ. ಮನೆಯವರು ಸೋಮಾರಿತನ ಅಂದುಕೊಂಡಿದ್ದರು. ವಿಚಾರಿಸಿದರೆ, ರಾತ್ರಿ ಹನ್ನೊಂದಕ್ಕೆ ನುಂಗುತ್ತಿದ್ದ ಮಾತ್ರೆಯ ಮಂಪರು ಬೆಳಗ್ಗೆ ಹತ್ತರವರೆಗೂ ಇಳಿಯುತ್ತಿರಲಿಲ್ಲ. ಡಾಕ್ಟರ್ ಅದನ್ನು ರಾತ್ರಿ ಎಂಟಕ್ಕೆ ತಂದರು. ಗೋದಾಮೊಂದರಲ್ಲಿ ಸರಕು ಎಣಿಸಿ ಪಟ್ಟಿಗೆ ತಾಳೆ ನೋಡುವ ಕೆಲಸ ಸಿಕ್ಕಿತು, ಹಗಲು ಹನ್ನೊಂದರಿಂದ. ಕಾಯಿಲೆಯ ಹೆಸರನ್ನು ಮಾಲೀಕರಿಗೆ ಹೇಳುವುದು ಆತನಿಗೆ ಬೇಡವಿತ್ತು, ಹಾಗಾಗಿ ನಾನೂ ಹೇಳಲಿಲ್ಲ. ಬಾಯಲ್ಲಿ ಮೂರು ಕೆಲಸ ಒಟ್ಟಿಗೆ ಹೇಳಿದರೆ ಎರಡು ಮರೆತುಹೋಗುತ್ತವೆ, ಚೀಟಿಯಲ್ಲಿ ಬರೆದುಕೊಡಿ ಎಂದಷ್ಟೇ ಮೇಲ್ವಿಚಾರಕರಿಗೆ ಆತನ ಒಪ್ಪಿಗೆ ಪಡೆದು ತಿಳಿಸಿದೆ.

ಮೂರನೇ ದಿನ ಮಧ್ಯಾಹ್ನ ಟಾಯ್ಲೆಟ್ಟಿನಿಂದ ಫೋನ್. "ಎಲ್ರೂ ನನ್ನ ನೋಡಿ ನಗ್ತಿದಾರೆ." ಹಾಗೇನಿಲ್ಲ ಎಂದು ವಾದಿಸುವುದು ವ್ಯರ್ಥ, ಅದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು. "ಎಷ್ಟನೇ ರ್‍ಯಾಕ್ ನಡೀತಿದೆ?" ಅಂದೆ.

"ಹದಿನಾಲ್ಕು."

"ಅದೊಂದು ಮುಗಿಸಿ ಫೋನ್ ಮಾಡಿ. ನಾನು ಹೊರಗೆ ಗೇಟಿನ ಹತ್ತಿರ ಇರ್ತೀನಿ."

ಹದಿನಾಲ್ಕು ಮುಗಿಸಿ ಫೋನ್ ಮಾಡಲಿಲ್ಲ. ಹದಿನೇಳಾದ ಮೇಲೆ ಹೊರಗೆ ಬಂದು, ಬೆನ್ನ ಹಿಂದೆ ಜನ ಓಡಾಡುವುದೇ ಕಷ್ಟ ಅಂದರು. ಮೇಜನ್ನು ಎಳೆದು ಕುರ್ಚಿಯ ಬೆನ್ನು ಗೋಡೆಗೆ ಬರುವಂತೆ ತಿರುಗಿಸಿದೆವು. ಇದನ್ನು ಯಾವ ತರಬೇತಿ ಕೇಂದ್ರದಲ್ಲಿ ಮೊದಲೇ ಕಲಿಸುವುದು? ಅಂಥ ಗೋದಾಮಿಗೆ ಹೋಗದೆ ಆತನಿಗೂ ಅದು ಗೊತ್ತಾಗುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ.

ಒತ್ತಡದಿಂದ ಕಾಯಿಲೆ ಮರುಕಳಿಸಿದರೆ ಎನ್ನುವುದು ತಾಯಂದಿರ ಮುಂದಿನ ಪ್ರಶ್ನೆ. ನ್ಯಾಯವಾದ ಭಯ. 2007ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಲಂಡನ್, ಜ್ಯೂರಿಕ್, ಸೋಫಿಯಾ ಸೇರಿ ಯುರೋಪಿನ ಆರು ಕಡೆ 312 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 18 ತಿಂಗಳು ಗಮನಿಸಿತು. ಐಪಿಎಸ್ ಗುಂಪಿನಲ್ಲಿ ಶೇ. 55 ಜನ ಕೆಲಸ ಮಾಡಿದರು, ತರಬೇತಿ ಮೊದಲು ಎನ್ನುವ ಗುಂಪಿನಲ್ಲಿ ಶೇ. 28. ಮತ್ತೆ ಆಸ್ಪತ್ರೆ ಸೇರಿದವರು ಐಪಿಎಸ್‌ನಲ್ಲಿ ಶೇ. 20, ಇನ್ನೊಂದರಲ್ಲಿ ಶೇ. 31. ಕೆಲಸ ಮಾಡಿದವರ ಸಂಖ್ಯೆ ಒಂದೇ ದಿನ ದುಡಿದವರನ್ನೂ ಲೆಕ್ಕಕ್ಕೆ ಹಿಡಿದದ್ದು ಎಂಬುದನ್ನು ಮುಚ್ಚಿಡುವುದಿಲ್ಲ. ಹಾಗೆ ಲೆಕ್ಕ ಹಾಕಿಯೂ ಐಪಿಎಸ್ ಗುಂಪಿನ ಅರ್ಧಕ್ಕೆ ಹತ್ತಿರ ಜನಕ್ಕೆ ಕೆಲಸ ಸಿಗಲಿಲ್ಲ. ನನ್ನ ಕೈಯಲ್ಲಿರುವ ಇಪ್ಪತ್ತು ಜನರಲ್ಲೂ ಅಂಥವರಿದ್ದಾರೆ. ಆದರೆ ಕೆಲಸಕ್ಕೆ ಹಚ್ಚಿದ್ದರಿಂದಲೇ ಜನ ಕುಸಿದುಬೀಳುತ್ತಾರೆ ಎಂಬ ಮಾತನ್ನು ಆ ಲೆಕ್ಕ ಬೆಂಬಲಿಸುವುದಿಲ್ಲ. ಮನೆಯಲ್ಲಿ ಸುಮ್ಮನೆ ಕೂರುವುದೂ ಒತ್ತಡವೇ. ನೆಂಟರು ಬಂದಾಗ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವವರನ್ನು ಕೇಳಿ ನೋಡಿ.

ಗೋದಾಮಿನ ಕೆಲಸ ಐದು ತಿಂಗಳಿಗೆ ಹೋಯಿತು. ಕಾಯಿಲೆಯಿಂದಲ್ಲ. ಪಾಳಿಯನ್ನು ಬೆಳಗ್ಗೆ ಏಳಕ್ಕೆ ಬದಲಿಸಿದರು. ತಾಯಿ ಫೋನಿನಲ್ಲಿ, "ನಾನು ಹೇಳಿರಲಿಲ್ವಾ?" ಅಂದರು. ಮೊದಲ ಕೆಲಸ ಹೀಗೆ ಕೈಬಿಡುವುದು ಮಾಮೂಲು. ಬೆಂಬಲಕ್ಕೆ ಇಂತಿಷ್ಟೇ ತಿಂಗಳು ಎಂಬ ಗಡುವು ಇಲ್ಲದಿರುವುದು ಅದಕ್ಕೇ. ಎರಡನೇ ಹುಡುಕಾಟ ನಮಗೆ ಸಲೀಸಾಯಿತು: ಹನ್ನೊಂದು ಗಂಟೆ, ಚೀಟಿ, ಬೆನ್ನಿಗೆ ಗೋಡೆ.

ಈಗ ಒಂದು ಮುದ್ರಣಾಲಯದಲ್ಲಿದ್ದಾರೆ. ಹೋದ ತಿಂಗಳು ತಾಯಿ ಮತ್ತೆ ಫೋನ್ ಮಾಡಿದ್ದರು. ಮಗ ಮಾತ್ರೆ ಬಿಟ್ಟಿರಬಹುದೇ ಎಂದು ನನಗೆ ಎದೆ ಧಸಕ್ಕೆಂದಿತು. ವಿಷಯ ಅದಲ್ಲ. ಭಾನುವಾರವೂ ಬಾ ಅನ್ನುತ್ತಾರಂತೆ, ಓವರ್‌ಟೈಮ್ ದುಡ್ಡು ಮಾತ್ರ ಸರಿಯಾಗಿ ಕೊಡುವುದಿಲ್ಲವಂತೆ. ನೀವೊಂದು ಮಾತು ಕೇಳಿ ಸಾರ್, ಅಂದರು.