ಟೆಕ್ಕಾ ಮಾರುಕಟ್ಟೆಯ ಎರಡು ಪಂಚಾಂಗಗಳು

ಸಂಕ್ರಾಂತಿಯ ಹಿಂದಿನ ವಾರ ನಾನೂ ನನ್ನ ಹೆಂಡತಿಯೂ ಐದು ದಿನಗಳ ಮಟ್ಟಿಗೆ ಸಿಂಗಪುರಕ್ಕೆ ಹೋಗಿದ್ದೆವು. ಅದರಲ್ಲಿ ಮೂರು ದಿನ ಎಲ್ಲರೂ ನೋಡುವುದನ್ನೇ ನಾವೂ ನೋಡಿದ್ದರಿಂದ ಆ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಆರ್ಚರ್ಡ್ ರಸ್ತೆಯ ಮಾಲ್‌ಗಳು ಚೀನೀ ಹೊಸ ವರ್ಷಕ್ಕೆಂದು ಆಗಲೇ ಕೆಂಪು ಲಾಂದ್ರಗಳನ್ನು ತೂಗುಹಾಕಿದ್ದವು. ತೋರಣವನ್ನಷ್ಟೇ ಬದಲಿಸಿ ಒಳಗೆ ಅದೇ ಕೈಚೀಲ, ಅದೇ ಗಡಿಯಾರಗಳನ್ನು ಮಾರುವ ಈ ಬಗೆಯ ಹಬ್ಬದಾಚರಣೆ ನನಗೆ ರುಚಿಸಲಿಲ್ಲ.

ಭಾನುವಾರ ರಾತ್ರಿ ಲಿಟ್ಲ್ ಇಂಡಿಯಾದ ಸೈಯದ್ ಆಲ್ವಿ ರಸ್ತೆಯಲ್ಲಿರುವ ಮುಸ್ತಫಾ ಸೆಂಟರ್‌ಗೆ ಹೋದೆವು. 1971ರಲ್ಲಿ ಕ್ಯಾಂಪ್‌ಬೆಲ್ ಲೇನ್‌ನ ಸಣ್ಣ ಬಟ್ಟೆ ಅಂಗಡಿಯಾಗಿ ಶುರುವಾದ ವ್ಯಾಪಾರವಿದು. ಅಲ್ಲಿ ಚಿನ್ನ, ಔಷಧಿ, ಅಕ್ಕಿ, ಹಣ ವಿನಿಮಯ, ಸೂಟ್‌ಕೇಸ್ ಎಲ್ಲವೂ ಒಂದೇ ಸೂರಿನಡಿ ಏಕಿವೆ ಎಂಬುದು ಆ ರಾತ್ರಿಯ ಜನಜಂಗುಳಿಯನ್ನು ನೋಡಿದಾಗ ಅರ್ಥವಾಯಿತು: ವಾರಕ್ಕೊಂದೇ ರಜೆ ಸಿಗುವ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಹೊರಡುವ ಬಾಂಗ್ಲಾದೇಶದ, ತಮಿಳುನಾಡಿನ ಕೂಲಿಕಾರ್ಮಿಕನು ಮನೆಮಂದಿಗೆಲ್ಲ ಬೇಕಾದುದನ್ನು ಕೊಂಡು, ಅದನ್ನು ತುಂಬುವ ಪೆಟ್ಟಿಗೆಯನ್ನೂ ಅಲ್ಲಿಯೇ ಕೊಳ್ಳುತ್ತಾನೆ.

ಇಲ್ಲಿ ಸಸ್ಯಾಹಾರಿಗಳಿಗೊಂದು ಮಾತು. ನಮ್ಮ ಹೋಟೆಲಿನ ಬಳಿಯ ಅಂಗಡಿಯೊಂದರಲ್ಲಿ ತರಕಾರಿಯ ಚಿತ್ರ ನೋಡಿ ಕೊಂಡ ನೂಡಲ್ಸ್‌ನಲ್ಲಿ ಒಣ ಸೀಗಡಿಯ ಪುಡಿಯಿತ್ತು, ಅದು ಗೊತ್ತಾದದ್ದು ಎರಡು ತುತ್ತು ಉಂಡ ಮೇಲೆ. ನಮ್ಮ ದೇಶದ ಹಸಿರು ಚುಕ್ಕಿಯನ್ನು ಅಲ್ಲಿನ ಪೊಟ್ಟಣಗಳ ಮೇಲೆ ಹುಡುಕಬೇಡಿ, ಹಲಾಲ್ ಮುದ್ರೆಯನ್ನು ಸಸ್ಯಾಹಾರದ ಗುರುತೆಂದು ತಿಳಿಯಬೇಡಿ. ಚೀನೀ ಲಿಪಿಯಲ್ಲಿ ಸಸ್ಯಾಹಾರವನ್ನು ಸೂಚಿಸುವ, ‘ಸು’ ಎಂದು ಓದುವ ಒಂದೇ ಅಕ್ಷರವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದರೆ ಸಾಕು. ಬೌದ್ಧ ಸಂಪ್ರದಾಯದ ಅಂಥ ಅಡುಗೆಯಲ್ಲಿ ಸಾಮಾನ್ಯವಾಗಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ.

ಮಂಗಳವಾರ ಬೆಳಿಗ್ಗೆ ಟೆಕ್ಕಾ ಸೆಂಟರ್‌ನ ಮಾರುಕಟ್ಟೆಗೆ ಹೋದದ್ದು, ನಿಜ ಹೇಳಬೇಕೆಂದರೆ, ಅವರೆಕಾಯಿಯ ಆಸೆಯಿಂದ. ಕೋಲಾರ ಜಿಲ್ಲೆಯವರಾದ ನಮಗೆ ಜನವರಿಯಲ್ಲಿ ಅವರೆಯಿಲ್ಲದೆ ಒಂದು ವಾರ ಕಳೆಯುವುದೂ ಕಷ್ಟ. ಎಪ್ಪತ್ತರ ಆಸುಪಾಸಿನ ಚೀನೀ ಹೆಂಗಸೊಬ್ಬರು ಬಾಳೆಹೂವು, ನುಗ್ಗೆಕಾಯಿ, ಬೂದುಗುಂಬಳಗಳ ಹಿಂದೆ ಕುಳಿತಿದ್ದರು. ನಾನು ಇಂಗ್ಲಿಷಿನಲ್ಲಿ ತಡವರಿಸುತ್ತಿರುವಾಗಲೇ ಅವರು “ತಂಬಿ, ಎಂದ ಊರು?” (ತಮ್ಮಾ, ಯಾವ ಊರು?) ಎಂದು ತಮಿಳಿನಲ್ಲಿ ಕೇಳಿದರು. ಕೋಲಾರದವನಾದ್ದರಿಂದ ತಮಿಳು ನನಗೂ ಬರುತ್ತದೆ, ಆದರೂ ಉತ್ತರಿಸಲು ಕ್ಷಣಕಾಲ ಬಾಯಿ ಬರಲಿಲ್ಲ. ಅವರೆಕಾಯಿಯನ್ನು ಕೈಸನ್ನೆಯಲ್ಲಿ ವರ್ಣಿಸಿದಾಗ ಅವರು “ಮೊಚ್ಚೈಯಾ?” ಎಂದು ನಗುತ್ತಾ ಬುಟ್ಟಿಯನ್ನು ಮುಂದೆ ಸರಿಸಿದರು. ನಮ್ಮ ಸೊಗಡಿನ ಅವರೆಯ ಘಮ ಅದಕ್ಕಿರಲಿಲ್ಲ, ಆದರೂ ಅರ್ಧ ಕಿಲೋ ಕೊಂಡೆವು.

ಅವರ ತಲೆಯ ಮೇಲೆ ಚೀನೀ ಪಂಚಾಂಗವೂ ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರೂ ಅಕ್ಕಪಕ್ಕ ತೂಗುತ್ತಿದ್ದವು. ಎರಡೇಕೆ ಎಂದು ಕೇಳಿದೆ. ಚಾಂದ್ರಮಾನ ತಿಂಗಳ ಒಂದನೆಯ ಮತ್ತು ಹದಿನೈದನೆಯ ದಿನ ಚೀನೀಯರಲ್ಲಿ ಅನೇಕರು ಸಸ್ಯಾಹಾರವನ್ನಷ್ಟೇ ಉಣ್ಣುತ್ತಾರೆ, ಪುರಟ್ಟಾಸಿ ತಿಂಗಳು ಪೂರ್ತಿ ತಮಿಳರು ಮೀನು ಮಾಂಸ ಬಿಡುತ್ತಾರೆ. ಎರಡನ್ನೂ ನೋಡದಿದ್ದರೆ ಎಷ್ಟು ಸೊಪ್ಪು ತರಿಸಬೇಕೆಂದು ತಿಳಿಯುವುದು ಹೇಗೆ ಎಂದರು. ಪುರಟ್ಟಾಸಿಯಲ್ಲಿ ತಮ್ಮ ಮುಖ ನೋಡಿದರೇ ಮೀನಿನ ಅಂಗಡಿಯವನಿಗೆ ಸಿಟ್ಟು ಬರುತ್ತದೆಂದೂ ಸೇರಿಸಿದರು. ತಮಿಳನ್ನು ಅವರು ಯಾರಿಂದಲೂ ಪಾಠ ಹೇಳಿಸಿಕೊಂಡು ಕಲಿತದ್ದಲ್ಲ; ಮದುವೆಯಾಗಿ ಬಂದು ಅತ್ತೆಯ ಜೊತೆ ಈ ಜಾಗದಲ್ಲಿ ಕುಳಿತ ಮೇಲೆ, ಚೌಕಾಸಿ ಮಾಡುವ ಗಿರಾಕಿಗಳ ಬಾಯಿಂದಲೇ ಬಂದದ್ದಂತೆ.

ಪೊಂಗಲ್‌ಗೆಂದು ಕಬ್ಬಿನ ಜಲ್ಲೆಗಳೂ ಬೇರುಸಹಿತ ಅರಿಸಿನದ ಗಿಡಗಳೂ ಗೋಡೆಗೊರಗಿದ್ದವು. ನಾವು ಕಬ್ಬನ್ನಷ್ಟೇ ಕೇಳಿ ಅರಿಸಿನದ ಗಿಡ ಬೇಡವೆಂದಾಗ ಅವರಿಗೆ ಅನುಮಾನ ಬಂತು. ನಾವು ಕನ್ನಡದವರು, ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿ ಮನೆಮನೆಗೆ ಹಂಚುತ್ತೇವೆ ಎಂದು ನನ್ನ ಹೆಂಡತಿ ವಿವರಿಸಿದಳು. ಅದನ್ನವರು ಮುದಿಗಣ್ಣು ಕಿರಿದಾಗಿಸಿ ಕೇಳಿಸಿಕೊಂಡ ರೀತಿ ಕುತೂಹಲದ್ದಾಗಿರಲಿಲ್ಲ, ಲೆಕ್ಕದ್ದಾಗಿತ್ತು.

“ಎಳ್ಳು ಕರಿದೋ, ಬಿಳಿದೋ?”

“ಬಿಳಿ ಎಳ್ಳು, ಅಕ್ಕಾ.”

“ಒಂದು ಮನೆಗೆ ಎಷ್ಟು ಬೇಕಾಗುತ್ತದೆ? ನಿಮ್ಮವರು ಇಲ್ಲಿ ಎಷ್ಟು ಮನೆ ಇದ್ದಾರೆ?”

ಮೊದಲನೆಯದಕ್ಕೆ ನನ್ನ ಹೆಂಡತಿ ಉತ್ತರಿಸಿದಳು, ಎರಡನೆಯದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಅವರು ಚೀನೀ ಪಂಚಾಂಗವನ್ನು ಬಿಟ್ಟು ತಮಿಳು ಕ್ಯಾಲೆಂಡರಿನ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಏನನ್ನೋ ಗೀಚಿದರು. ಆಮೇಲೆ ಚೀಲವನ್ನು ಕಟ್ಟುವ ಮುನ್ನ, ನಾವು ಕೇಳದಿದ್ದರೂ, ಒಂದು ಹಿಡಿ ಕರಿಬೇವನ್ನು ಕೊಸರಾಗಿ ಮೇಲೆ ಹಾಕಿದರು.