ಡಾಂಬರು ದೊರೆಯ ಮಗನ ಊರು

ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ಬಸ್ ಹತ್ತಿ ‘ಕಲ್ರಾಸ್‌ಗೆ ಎರಡು ಟಿಕೆಟ್’ ಎಂದೆ. ಚಾಲಕ ‘ಕೂರಸ್’ ಎಂದು ತಿದ್ದಿ ಚೀಟಿ ಹರಿದುಕೊಟ್ಟ. ನಡುವಿನ ‘ಲ್’ ಇರುವುದು ಬರೆಯಲಿಕ್ಕಷ್ಟೇ. ಎಡಿನ್‌ಬರೊದಲ್ಲಿ ಲೆಕ್ಕಶಾಸ್ತ್ರ ಓದುತ್ತಿರುವ ಅಕ್ಕನ ಮಗಳು ಜೊತೆಗಿದ್ದಳು.

ಫೋರ್ತ್ ಅಳಿವೆಯ ದಡದಲ್ಲಿ ಕೆಂಪು ಹೆಂಚಿನ ಮನೆಗಳು, ಉರುಟು ಕಲ್ಲು ಹಾಸಿದ ಇಕ್ಕಟ್ಟಾದ ಓಣಿಗಳು. ನೀರು ಇಳಿದು ಕೆಸರು ಬಾಯಿಬಿಟ್ಟಿತ್ತು. ಪುರಭವನದ ಎದುರು ಥಾಮಸ್ ಕಾಕ್ರೇನ್‌ನ ಎದೆಮಟ್ಟದ ಪ್ರತಿಮೆಯಿದೆ. ಡನ್‌ಡೊನಾಲ್ಡ್‌ನ ಹತ್ತನೆಯ ಅರ್ಲ್ (ವಂಶಪಾರಂಪರ್ಯದ ದೊರೆ ಪದವಿ), ನೌಕಾಧಿಕಾರಿ, ಸಂಸತ್ ಸದಸ್ಯ, ಸಜೆ ಅನುಭವಿಸಿದ ಅಪರಾಧಿ: ಎಲ್ಲವೂ ಇವನೇ. 1775ರಲ್ಲಿ ಹುಟ್ಟಿದ ಇವನು ಬೆಳೆದದ್ದು ಈ ಊರಿನಲ್ಲಿ.

ನನಗೆ ಮಗನಿಗಿಂತ ಅಪ್ಪನ ಮೇಲೆಯೇ ಕನಿಕರ ಹೆಚ್ಚು. ಒಂಬತ್ತನೆಯ ಅರ್ಲ್ ಆರ್ಚಿಬಾಲ್ಡ್ ಕಲ್ಲಿದ್ದಲಿನಿಂದ ಡಾಂಬರು ತೆಗೆಯುವ ವಿಧಾನಕ್ಕೆ 1781ರಲ್ಲಿ ಪೇಟೆಂಟ್ ಪಡೆದ. ಹಡಗಿನ ತಳಕ್ಕೆ ಬಳಿದರೆ ಹುಳು ಕೊರೆಯದು ಎಂಬುದು ಲೆಕ್ಕಾಚಾರ. ನೌಕಾಪಡೆ ತಾಮ್ರದ ತಗಡನ್ನೇ ನೆಚ್ಚಿಕೊಂಡಿತು. ಮನೆತನದ ಆಸ್ತಿ ಕರಗಿತು. ಒಮ್ಮೆ ಅವನು ಡಾಂಬರಿನ ಗೂಡಿನಿಂದ ಹೊರಡುವ ಅನಿಲದ ಕೊಳವೆಗೆ ಬಂದೂಕಿನ ನಳಿಗೆ ಸಿಕ್ಕಿಸಿ ಬೆಂಕಿ ಹಚ್ಚಿದನಂತೆ. ಆ ಬೆಳಕು ಆಚೆ ದಡಕ್ಕೂ ಕಂಡಿತು ಎಂದು ಮಗ ಬರೆದಿದ್ದಾನೆ. ಅನಿಲ ದೀಪದಿಂದ ಕಾಸು ಹುಟ್ಟೀತೆಂದು ಅಪ್ಪನಿಗೆ ಹೊಳೆಯಲೇ ಇಲ್ಲ. ಈಗ ಆಚೆ ದಡದಲ್ಲಿ ಗ್ರೇಂಜ್‌ಮೌತ್‌ನ ಪೆಟ್ರೊರಾಸಾಯನಿಕ ಕಾರ್ಖಾನೆಗಳ ಚಿಮಣಿಗಳು ಸಾಲಾಗಿ ನಿಂತಿವೆ.

ಬರಿಗೈಯ ಶ್ರೀಮಂತನ ಮಗನಿಗೆ ಸಮುದ್ರವೇ ಗತಿಯಾಯಿತು. 1801ರ ಮೇ 6ರಂದು ಬಾರ್ಸಿಲೋನಾದ ಬಳಿ 14 ತೋಪುಗಳ ‘ಸ್ಪೀಡಿ’ಯನ್ನು 32 ತೋಪುಗಳ ಸ್ಪೇನ್ ಹಡಗು ‘ಗಾಮೊ’ದ ಪಕ್ಕೆಗೇ ಒತ್ತಿಕೊಂಡು ನಿಲ್ಲಿಸಿದ. ಎತ್ತರದ ಹಡಗಿನ ಗುಂಡುಗಳೆಲ್ಲ ಇವರ ತಲೆಯ ಮೇಲೆ ಹಾರಿಹೋದವು. ವೈದ್ಯನ ಕೈಗೆ ಚುಕ್ಕಾಣಿ ಕೊಟ್ಟು ಮಿಕ್ಕವರೆಲ್ಲ ಶತ್ರುವಿನ ಹಡಗಿಗೆ ನೆಗೆದರು. ಇವರು 54 ಮಂದಿ, ಅವರು 319. ಹಡಗು ಇವರ ವಶವಾಯಿತು.

ಹಣ ಮಾತ್ರ ಕೈಗೆ ಹತ್ತಲಿಲ್ಲ. ಮದ್ರಾಸಿನಲ್ಲಿ ನೌಕಾಪಡೆಗೆ ದಿನಸಿ ಒದಗಿಸುವ ಗುತ್ತಿಗೆಯಲ್ಲಿ ದುಡ್ಡು ಮಾಡಿದ್ದ ಚಿಕ್ಕಪ್ಪ ಬೇಸಿಲ್, ತಾನು ಆರಿಸಿದ ಸಿರಿವಂತ ಹೆಣ್ಣನ್ನು ಕಟ್ಟಿಕೋ ಎಂದ. ಇವನು 1812ರಲ್ಲಿ ತಬ್ಬಲಿ ಹುಡುಗಿ ಕೇಟಿಯನ್ನು ಗುಟ್ಟಾಗಿ ಮದುವೆಯಾದ. ಮದ್ರಾಸಿನ ಗಂಟು ಕೈತಪ್ಪಿತು.

1814ರ ಫೆಬ್ರವರಿಯಲ್ಲಿ ನೆಪೋಲಿಯನ್ ಸತ್ತನೆಂಬ ಸುಳ್ಳು ಸುದ್ದಿ ಹಬ್ಬಿ ಲಂಡನ್ನಿನ ಷೇರುಪೇಟೆ ಏರಿತು. ಸೇನಾಧಿಕಾರಿಯ ವೇಷದಲ್ಲಿ ಸುದ್ದಿ ತಂದವನು ನೇರ ಕಾಕ್ರೇನ್‌ನ ಮನೆಗೇ ಬಂದಿದ್ದ. ಕಾಕ್ರೇನ್‌ನ ಬಳಿಯಿದ್ದ ಸರ್ಕಾರಿ ಸಾಲಪತ್ರಗಳೂ ಅದೇ ದಿನ ಮಾರಾಟವಾಗಿದ್ದವು. ಬಂದವನ ಅಂಗಿ ಕೆಂಪೋ ಹಸಿರೋ ಎಂಬುದು ನ್ಯಾಯಾಲಯದಲ್ಲಿ ದೊಡ್ಡ ಜಗಳವಾಯಿತು. ಕೆಂಪಾಗಿದ್ದರೆ ಅದು ವೇಷದ ಸಮವಸ್ತ್ರ. ಹಸಿರೆಂದು ಕಾಕ್ರೇನ್ ಪ್ರಮಾಣ ಮಾಡಿದ್ದ.

‘ಮಾವ, ಬೆಲೆ ಏರಿದರೆ ಮಾರಿ ಎಂದು ದಲ್ಲಾಳಿಗೆ ಮೊದಲೇ ಹೇಳಿಟ್ಟಿದ್ದರೇ?’ ಎಂದು ಕೇಳಿದಳು.

‘ಹೌದು, ಶೇಕಡಾ ಒಂದು ಏರಿದರೆ ಸಾಕು ಎಂದಿದ್ದನಂತೆ.’

‘ಮೋಸ ಗೊತ್ತಿದ್ದವರು ಅಷ್ಟು ಕಡಿಮೆಗೆ ಯಾರು ಮಾರುತ್ತಾರೆ?’

ನನಗೂ ಹಾಗೆಯೇ ಅನ್ನಿಸುತ್ತದೆ. ಇದೇ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದು ದೇಶ ಬಿಟ್ಟು ಓಡಿದ ಇನ್ನೊಬ್ಬ ಚಿಕ್ಕಪ್ಪನ ಮಾತು ಬೇರೆ. ಕಾಕ್ರೇನ್‌ಗೆ ಒಂದು ವರ್ಷ ಸೆರೆ, ಸಾವಿರ ಪೌಂಡ್ ದಂಡ. ಸಂಸತ್ತು ಹೊರಹಾಕಿತು, ವೆಸ್ಟ್‌ಮಿನ್‌ಸ್ಟರ್ ಮತದಾರರು ಕೆಲವೇ ದಿನಗಳಲ್ಲಿ ಅವಿರೋಧವಾಗಿ ಮತ್ತೆ ಆರಿಸಿ ಕಳಿಸಿದರು. ನೌಕಾಪಡೆ ಹೆಸರು ಹೊಡೆದುಹಾಕಿತು. ವೆಸ್ಟ್‌ಮಿನ್‌ಸ್ಟರ್ ಅಬಿಯಲ್ಲಿ ತೂಗುತ್ತಿದ್ದ ಅವನ ನೈಟ್ ಪದವಿಯ ಧ್ವಜವನ್ನು ಕಿತ್ತು ಮೆಟ್ಟಿಲ ಕೆಳಗೆ ಒದ್ದರು.

ನಾಲ್ಕು ದಿನಗಳ ಹಿಂದೆ ಅದೇ ಅಬಿಯಲ್ಲಿ ಅವನ ಸಮಾಧಿಗಲ್ಲನ್ನು ನೋಡಿ ಬಂದಿದ್ದೆ. ಚಿಲಿ, ಪೆರು, ಬ್ರೆಜಿಲ್, ಗ್ರೀಸ್: ತನ್ನ ನೆಲ ಉಗುಳಿದ ಮೇಲೆ ಅವನು ದುಡಿದುಕೊಟ್ಟ ನಾಡುಗಳ ಹೆಸರು ಅದರ ಮೇಲಿವೆ. 1832ರಲ್ಲಿ ಕ್ಷಮೆ ಸಿಕ್ಕಿತು. ಒದೆ ತಿಂದ ಧ್ವಜ ಗೋಡೆಗೆ ಮರಳಿದ್ದು 1860ರಲ್ಲಿ, ಅವನನ್ನು ಹೂಳುವ ಹಿಂದಿನ ದಿನ.

ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಕೆಸರಿನ ಮೇಲೆ ಭರತದ ನೀರು ಮೆಲ್ಲಗೆ ಏರತೊಡಗಿತ್ತು. ಆಚೆ ದಡದ ಚಿಮಣಿಯೊಂದರ ತುದಿಯಲ್ಲಿ ಸಣ್ಣ ಜ್ವಾಲೆ. ಇವಳು ಅದರ ಫೋಟೊ ತೆಗೆಯುವಷ್ಟರಲ್ಲಿ ಮಳೆ ಬಂತು.