ಬಾಣಂತಿ ಇಲಿ

ಪುಣೆಗೆ ಬಂದು ಇಷ್ಟು ವರ್ಷದಲ್ಲಿ ಇಲಿ ನನ್ನನ್ನು ಇಷ್ಟು ಆಳವಾಗಿ ಕಚ್ಚಿದ್ದು ಇವತ್ತೇ. ಸಾಕುಹಾವು, ಅಂದರೆ ಚಿಕ್ಕ ಜಾತಿಯ ಹೆಬ್ಬಾವು ಬಾಲ್ ಪೈಥಾನ್‌ನ ಆಹಾರಕ್ಕೆಂದು ಧನಕವಡಿಯ ಮನೆಯಲ್ಲಿ ಸಾಕಿದ ಬಿಳಿ ಇಲಿಗಳಲ್ಲಿ ಇವಳೇ ಎಲ್ಲಕ್ಕಿಂತ ಸೌಮ್ಯ. ಮೊನ್ನೆ ರಾತ್ರಿ ಹತ್ತು ಮರಿ ಹಾಕಿದ್ದಾಳೆ. ಎಣಿಸಲು ಕೈ ಹಾಕಿದೆ, ತೋರುಬೆರಳಿಗೆ ಹಲ್ಲು ಇಳಿಸಿದಳು.

ಸೋಪು ಹಚ್ಚಿ ತೊಳೆದು, ಟಿಟಿ ಹಾಕಿಸಿಕೊಂಡು ಬಂದು ವಿಜಯಪುರಕ್ಕೆ ಫೋನ್ ಮಾಡಿದರೆ ಅವ್ವ ಅಂದಳು: “ಬಾಣಂತಿ ಅದಾಳಲ್ಲೋ! ಕೂಸು ಮುಟ್ಟಾಕ ಹೋದ್ರ ಬಿಡ್ತಾಳೇನು? ಸುಮ್ನ ಬಿಡು ಆಕೀನ್ನ.”

ತಪ್ಪು ನನ್ನದೇ. ಇಲಿಯ ಗರ್ಭ 21ರಿಂದ 23 ದಿನ. ದಿನ ತುಂಬುವ ಮೊದಲೇ ಗಂಡನ್ನು ಬೇರೆ ಪಂಜರಕ್ಕೆ ಹಾಕಬೇಕಿತ್ತು. ಹೆತ್ತ ಒಂದು ದಿನದೊಳಗೇ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಗಂಡು ಜೊತೆಗಿದ್ದರೆ ಇತ್ತ ಹಾಲೂಡಿಸುತ್ತ ಅತ್ತ ಇನ್ನೊಂದು ಬಸುರು. ಮೈಯೆಲ್ಲ ಬಸಿದುಹೋಗುವಾಗ ಸಿಟ್ಟು ಬಾರದೇ ಇರುತ್ತದೆಯೇ?

ಗಂಡನ್ನು ತೆಗೆದೆ. ಗೂಡಿಗೆ ಟಿಶ್ಯೂ ಹರಿದು ಹಾಕಿ, ಬೇಯಿಸಿದ ಮೊಟ್ಟೆ ಇಟ್ಟು, ಪಂಜರದ ಮೇಲೆ ಹಳೇ ಪಂಚೆ ಹೊದಿಸಿದೆ. ಮೊದಲ ವಾರ ಕಳೆದರೆ ಈ ಉಗ್ರತೆ ಮೆಲ್ಲಗೆ ಇಳಿಯುತ್ತದೆ.

ಪಕ್ಕದ ಪಂಜರದವಳ ಕಥೆ ಬೇರೆ. ಮರಿ ಇಲ್ಲದಾಗಲೂ ಜೊತೆಯವರನ್ನು ಕಚ್ಚಿ ಗಾಯ ಮಾಡುತ್ತಾಳೆ. ಆ ಗುಣ ಹೆಣ್ಣುಮರಿಗಳಿಗೂ ಇಳಿಯಬಹುದು, ಅವಳಿಂದ ಇನ್ನು ಮರಿ ಮಾಡಿಸುವುದಿಲ್ಲ.

ಈ ಹತ್ತು ಮರಿಗಳು ಕೊನೆಗೆ ಎಲ್ಲಿಗೆ ಹೋಗುತ್ತವೆಂದು ನನಗೆ ಗೊತ್ತು. ಅವಳಿಗೆ ಗೊತ್ತಿಲ್ಲ, ಆದರೂ ನನ್ನ ಕೈಯನ್ನು ತಡೆದಳು. ಬೆಳಗಿನಿಂದ ಅದೇ ತಲೆಯಲ್ಲಿದೆ.

ಈಗ ಪಂಚೆ ಸರಿಸಿ ದೂರದಿಂದಲೇ ನೋಡಿದೆ. ಮೊಟ್ಟೆ ಖಾಲಿಯಾಗಿದೆ. ಮರಿಗಳ ಹೊಟ್ಟೆಯಲ್ಲಿ ಹಾಲಿನ ಬಿಳಿ ಕಾಣುತ್ತಿದೆ.